ಎನ್-1 ನಾಲ್ಕು ಸಲವೂ ಬಿದ್ದದ್ದು 30 ಎಂಜಿನ್ ಇದ್ದದ್ದಕ್ಕೇನಾ?

ಕಕ್ಷಾಪಥ:
ಸೋವಿಯತ್ ಚಂದ್ರ ರಾಕೆಟ್ ಎನ್-1ರ ಬಗ್ಗೆ ಎಲ್ಲಿ ಓದಿದರೂ ಕೊನೆಗೆ ಸಿಗುವುದು ಒಂದೇ ತೀರ್ಪು. ಮೊದಲ ಹಂತಕ್ಕೆ, ಅಂದರೆ ನೆಲದಿಂದ ಎತ್ತುವ ಬುಡದ ಭಾಗಕ್ಕೆ, 30 ಎಂಜಿನ್ ಕಟ್ಟಿದರು, ಅಷ್ಟನ್ನು ಸಂಭಾಳಿಸಲು ಆಗಲಿಲ್ಲ, ಅಮೆರಿಕದವರು ತಮ್ಮ ಸ್ಯಾಟರ್ನ್ 5 ರಾಕೆಟ್ಟಿಗೆ ಐದೇ ದೊಡ್ಡ ಎಂಜಿನ್ ಇಟ್ಟು ಗೆದ್ದರು ಅಂತ. 1969ರಿಂದ 1972ರ ನಡುವೆ ನಾಲ್ಕು ಉಡಾವಣೆ, ನಾಲ್ಕೂ ಮೊದಲ ಹಂತ ಉರಿಯುತ್ತಿರುವಾಗಲೇ ಮುಗಿದವು, ಸರಿ. ಆದರೆ 2018ರಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್ ಹೆವಿ 27 ಎಂಜಿನ್ ಹೊತ್ತು ಮೊದಲ ಸಲಕ್ಕೇ ಗೆದ್ದಿತಲ್ಲ? ಸಂಖ್ಯೆಯೇ ಶತ್ರು ಆಗಿದ್ದರೆ ಅದೂ ಬೀಳಬೇಕಿತ್ತು. ಆ ನಾಲ್ಕು ಹಾರಾಟಗಳಲ್ಲಿ ನಿಜಕ್ಕೂ ಯಾವ ಭಾಗ ಕೈಕೊಟ್ಟಿತು ಅಂತ ತಿಳಿದವರು ಬಿಡಿಸಿ ಹೇಳಿ. ಎನ್-1ರ ಮುಖ್ಯ ವಿನ್ಯಾಸಕಾರ ಕೊರೊಲ್ಯೊವ್ ಬದುಕಿದ್ದಿದ್ದರೆ ಗೆಲ್ಲುತ್ತಿದ್ದರು ಅನ್ನೋ ಮಾತಿನಲ್ಲಿ ಹುರುಳಿದೆಯಾ?

ಬೆಳಗಾವಿ_ಬಾಣ:
30 ಎಂಜಿನ್ ಅಂದ್ರ 30 ಕಡೆ ಕೆಡಬಹುದು. ಇದಕ್ಕಿಂತ ಬ್ಯಾರೆ ಉತ್ತರ ಏನ್ ಬೇಕ್ರಿ?

ಪಂಪು_ವಾಲ್ವು:
ಬೇಕು ಸರ್. ಒಂದೊಂದಾಗಿ ನೋಡೋಣ.

ಮೊದಲನೆಯದು 1969ರ ಫೆಬ್ರವರಿ 21. ಎಂಜಿನ್‌ಗಳನ್ನು ಕಾಯಲು ಕೋರ್ಡ್ ಅನ್ನೋ ನಿಯಂತ್ರಣ ವ್ಯವಸ್ಥೆ ಇತ್ತು. ದಹನಕೋಣೆಯ ಒತ್ತಡ, ಟರ್ಬೈನ್ ವೇಗ, ತಾಪಮಾನ ಇವನ್ನೆಲ್ಲ ಗಮನಿಸಿ, ಒಂದು ಎಂಜಿನ್ ಹದ ತಪ್ಪಿದರೆ ಅದನ್ನು ನಿಲ್ಲಿಸೋದು, ರಾಕೆಟ್ ವಾಲದಿರಲಿ ಅಂತ ಎದುರುಗಡೆಯದನ್ನೂ ನಿಲ್ಲಿಸೋದು. ಅಂದು ಹೊರಡುವ ಹೊತ್ತಿಗೇ ಅದು 12ನೇ ಎಂಜಿನ್ ಅನ್ನು ಸುಮ್ಮಸುಮ್ಮನೆ ನಿಲ್ಲಿಸಿತು, ಜೊತೆಗೆ ಎದುರಿನ 24ನೆಯದೂ ನಿಂತಿತು. 28 ಎಂಜಿನ್‌ಗಳಲ್ಲೇ ರಾಕೆಟ್ ಏರಿತು, ಅದಕ್ಕೆ ಆ ಶಕ್ತಿ ಇತ್ತು. ಆಮೇಲೆ ಕಂಪನಕ್ಕೆ ಸಣ್ಣ ಕೊಳವೆಗಳು ಬಿರುಕು ಬಿಟ್ಟು ಹಿಂಭಾಗದಲ್ಲಿ ಬೆಂಕಿ ಹತ್ತಿತು, ಕೇಬಲ್‌ಗಳು ಬೆಂದವು, ಸುಮಾರು 68ನೇ ಸೆಕೆಂಡಿಗೆ ಕೋರ್ಡ್ ಎಲ್ಲ ಎಂಜಿನ್ ನಿಲ್ಲಿಸಿಬಿಟ್ಟಿತು.

ಎರಡನೆಯದು 1969ರ ಜುಲೈ 3, ಅಪೊಲೊ 11 ಹೊರಡುವ 13 ದಿನ ಮೊದಲು. 8ನೇ ಎಂಜಿನ್ನಿನ ಆಮ್ಲಜನಕ ಪಂಪ್ ಸ್ಫೋಟಿಸಿತು. ಅಕ್ಕಪಕ್ಕದವು ಹಾಳಾದವು, ಕೋರ್ಡ್ ಬಹುತೇಕ ಎಲ್ಲವನ್ನೂ ನಿಲ್ಲಿಸಿತು, 18ನೆಯದೊಂದು ಮಾತ್ರ ಉರಿಯುತ್ತಿತ್ತು. ಒಂದೇ ಬದಿಯ ನೂಕುಬಲಕ್ಕೆ ವಾಲಿದ ರಾಕೆಟ್, ಹೊರಟು ಸುಮಾರು 23 ಸೆಕೆಂಡಿಗೆ ಬೈಕನೂರು ಉಡಾವಣಾ ಕೇಂದ್ರದ ಅದೇ ವೇದಿಕೆಯ ಮೇಲೆ ಬಿತ್ತು. ಟ್ಯಾಂಕ್‌ಗಳು ಹೆಚ್ಚುಕಮ್ಮಿ ತುಂಬಿದ್ದವು, ವೇದಿಕೆ ನಿರ್ನಾಮ. ಮುಂದಿನ ಎನ್-1 ಹಾರಿದ್ದು ಸುಮಾರು ಎರಡು ವರ್ಷಕ್ಕೆ.

ಮೂರನೆಯದು ಮಾಸ್ಕೋ ಸಮಯದಂತೆ 1971ರ ಜೂನ್ 27. ಎಂಜಿನ್ ಒಂದೂ ಕೆಡಲಿಲ್ಲ. ರಾಕೆಟ್ ತನ್ನ ಅಕ್ಷದ ಸುತ್ತ ತಿರುಗತೊಡಗಿತು, ತಡೆಯಲು ಇಟ್ಟಿದ್ದ ಸಣ್ಣ ನಳಿಕೆಗಳ ಬಲ ಸಾಲಲಿಲ್ಲ, ಮೇಲಿನ ಭಾಗ ತಿರುಚಿ ಮುರಿಯಿತು. ಎರಡನೇ ಅಪಘಾತದ ನಂತರ ಒಂದು ನಿಯಮ ಸೇರಿಸಿದ್ದರು: ಮೊದಲ 50 ಸೆಕೆಂಡು ಏನೇ ಆದರೂ ಎಂಜಿನ್ ನಿಲ್ಲಿಸಬಾರದು, ರಾಕೆಟ್ ವೇದಿಕೆಯಿಂದ ದೂರ ಹೋಗಿಬಿಡಲಿ ಅಂತ. ಅದರಂತೆ 50 ದಾಟಿದ ಕೂಡಲೇ ಎಲ್ಲ ನಿಂತವು.

ನಾಲ್ಕನೆಯದು 1972ರ ನವೆಂಬರ್ 23. ಸುಮಾರು 90ನೇ ಸೆಕೆಂಡಿಗೆ ನಡುವಿನ 6 ಎಂಜಿನ್ ನಿಲ್ಲಿಸುವುದು ಯೋಜನೆಯಲ್ಲೇ ಇತ್ತು. ನಿಲ್ಲಿಸಿದರು, ಹರಿಯುತ್ತಿದ್ದ ದ್ರವ ಒಮ್ಮೆಲೇ ತಡೆದು ಕೊಳವೆಗಳಿಗೆ ಹೊಡೆತ ಬಿತ್ತು, ಕೊಳವೆ ಒಡೆದು ಬೆಂಕಿ, ಕೊನೆಗೆ 4ನೇ ಎಂಜಿನ್ನಿನ ಪಂಪ್ ಸ್ಫೋಟ. 107ನೇ ಸೆಕೆಂಡು. ಮೊದಲ ಹಂತದ ಕೆಲಸ ಮುಗಿಯಲು ಸುಮಾರು 7 ಸೆಕೆಂಡು ಉಳಿದಿತ್ತು.

ಶೂನ್ಯಗುರುತ್ವ:
ಅಂದರೆ ನಾಲ್ಕು ಸಲ ನಾಲ್ಕು ಬೇರೆ ಕಾರಣ. ಕೊಳವೆ ಕಂಪನ, ಪಂಪ್, ತಿರುಗುವಿಕೆ, ದ್ರವದ ಹೊಡೆತ. ಇದನ್ನೆಲ್ಲ "30 ಎಂಜಿನ್" ಅಂತ ಒಂದೇ ಮಾತಿನಲ್ಲಿ ಮುಗಿಸೋದು ಅನ್ಯಾಯ.

ಬೆಳಗಾವಿ_ಬಾಣ:
ತಡೀರಿ. ಮೂರನೇದ್ರಾಗ ರಾಕೆಟ್ ತಿರುಗಿದ್ದು ಯಾಕ? 30 ಜ್ವಾಲೆ ಒಂದಕ್ಕೊಂದು ತಾಗಿ ಬುಡದಾಗ ಗಾಳಿಯ ಸುಳಿ ಎದ್ದಿದ್ದಕ್ಕ. ನಾಲ್ಕನೇದ್ರಾಗ ಹೊಡ್ತ ಬಿದ್ದಿದ್ದು ಯಾಕ? ಒಮ್ಮೆಗೇ 6 ಎಂಜಿನ್ ಬಂದ್ ಮಾಡಿದ್ದಕ್ಕ. ಮೊದಲನೇದ್ರಾಗ ಕೋರ್ಡ್ ತಲೆ ಕೆಡಿಸಿಕೊಂಡದ್ದು ಯಾಕ? 30ರ ಮ್ಯಾಲೆ ಕಣ್ಣಿಡಬೇಕಾಗಿತ್ತು ಅಂತ. ನಾ ಹೇಳಿದ್ದೂ ಅದನ್ನ ಅಲ್ರೀ?

ಲೆಕ್ಕದ_ಮೇಷ್ಟ್ರು:
ಇಬ್ಬರಿಗೂ ಒಂದು ಲೆಕ್ಕ. ಒಂದೊಂದು ಎಂಜಿನ್ 99% ನಂಬಿಕಸ್ಥ ಅಂತ ಇಟ್ಟುಕೊಳ್ಳಿ. ಐದೂ ಕೊನೆವರೆಗೆ ಉರಿಯುವ ಸಾಧ್ಯತೆ 95%. 30ಕ್ಕೆ 30 ಉರಿಯುವ ಸಾಧ್ಯತೆ 74%. ಬಾಣ ಅವರ ವಾದ ಇಲ್ಲಿಗೆ ಗಟ್ಟಿ.

ಆದರೆ ಎನ್-1ಕ್ಕೆ 30ಕ್ಕೆ 30 ಬೇಕಾಗಿರಲಿಲ್ಲ. ಎರಡು ಜೋಡಿ, ಅಂದರೆ 4 ಎಂಜಿನ್ ನಿಂತರೂ ನಡೆಯುವಂತೆ ವಿನ್ಯಾಸ ಮಾಡಿದ್ದರು. ಹಾಗಿದ್ದರೆ ಸೋಲಲು ಕನಿಷ್ಠ ಮೂರು ಎಂಜಿನ್ ಕೆಡಬೇಕು. ಅದರ ಸಾಧ್ಯತೆ ಸುಮಾರು 0.3% ಅಷ್ಟೇ. ಐದು ಎಂಜಿನ್ನಿನ 5% ಅಪಾಯಕ್ಕಿಂತ ಎಷ್ಟೋ ವಾಸಿ!

ಈ ಲೆಕ್ಕ ನಿಲ್ಲುವುದು ಒಂದೇ ಷರತ್ತಿನ ಮೇಲೆ: ಕೆಟ್ಟ ಎಂಜಿನ್ ತೆಪ್ಪಗೆ ನಿಲ್ಲಬೇಕು. ಸ್ಫೋಟಿಸಿ ಪಕ್ಕದವನ್ನೂ ಎಳೆದುಕೊಂಡು ಹೋದರೆ ಮತ್ತೆ 74ಕ್ಕೇ ಬಂದು ನಿಲ್ಲುತ್ತೀರಿ. ಹಾಗಾಗಿ ಎಷ್ಟು ಎಂಜಿನ್ ಅನ್ನುವುದಕ್ಕಿಂತ ಕೆಡುವಾಗ ಅದು ಹೇಗೆ ಕೆಡುತ್ತದೆ ಅನ್ನುವುದು ದೊಡ್ಡದು.

ಕುಡ್ಲದ_ಕ್ರಯೋ:
ಹೇಗೆ ಕೆಡುತ್ತದೆ ಅಂತ ಗೊತ್ತಾಗಬೇಕಾದರೆ ನೆಲದ ಮೇಲೆ ಕೆಡಿಸಿ ನೋಡಬೇಕು ಮಾರಾಯ್ರೆ. ಅವರು ಅದನ್ನೇ ಮಾಡಲಿಲ್ಲ.

ಪಂಪು_ವಾಲ್ವು:
@ಕುಡ್ಲದ_ಕ್ರಯೋ ಅಲ್ಲೇ ಇರೋದು ಸರ್ ಗಂಟು. ಮೊದಲ ಹಂತದಲ್ಲಿದ್ದದ್ದು ಎನ್‌ಕೆ-15 ಎಂಜಿನ್, ಕುಯಿಬಿಷೆವ್‌ನ ನಿಕೊಲಾಯ್ ಕುಜ್ನೆತ್ಸೊವ್ ತಂಡದ್ದು. ಅದರ ಕೆಲವು ವಾಲ್ವ್‌ಗಳು ಸಿಡಿಮದ್ದಿನಿಂದ ತೆರೆಯುವ ಒಂದೇ ಬಳಕೆಯವು. ಒಮ್ಮೆ ಉರಿಸಿದ ಎಂಜಿನ್ ಮತ್ತೆ ಹಾರಾಟಕ್ಕೆ ಬರೋದಿಲ್ಲ. ಹಾಗಾಗಿ ಆರರ ಒಂದು ತಂಡ ತಯಾರಿಸಿ, ಅದರಲ್ಲಿ ಎರಡನ್ನು ಉರಿಸಿ ನೋಡೋದು, ಅವು ಸರಿಯಿದ್ದರೆ ಉಳಿದ ನಾಲ್ಕನ್ನು ರಾಕೆಟ್‌ಗೆ ಕಟ್ಟೋದು. ಪಟಾಕಿ ಪೊಟ್ಟಣದಿಂದ ಎರಡು ಹೊಡೆದು ಉಳಿದವು ಚೆನ್ನಾಗಿವೆ ಅಂದ ಹಾಗೆ. ಹಾರಿದ ಎನ್‌ಕೆ-15 ಎಂಜಿನ್‌ಗಳಲ್ಲಿ ಒಂದೂ ಅದಕ್ಕೆ ಮೊದಲು ಉರಿದಿರಲಿಲ್ಲ. ಕೊಳವೆಯೊಳಗೆ ಒಂದು ಲೋಹದ ಚೂರು ಉಳಿದಿದ್ದರೂ ಗೊತ್ತಾಗೋದು ಆಕಾಶದಲ್ಲೇ.

ಇಡೀ ಮೊದಲ ಹಂತವನ್ನು ಕಟ್ಟಿಹಾಕಿ ಉರಿಸುವ ಅಟ್ಟಣಿಗೆಯನ್ನೂ ಕಟ್ಟಲಿಲ್ಲ. ಎರಡನೇ, ಮೂರನೇ ಹಂತಗಳನ್ನು ಝಗೋರ್ಸ್ಕ್‌ನಲ್ಲಿ ನೆಲದ ಮೇಲೆ ಉರಿಸಿದ್ದರು. ಪಾಪ, ಅವುಗಳಿಗೆ ಹಾರಾಟದಲ್ಲಿ ಉರಿಯುವ ಸರದಿಯೇ ಬರಲಿಲ್ಲ. ಕೊರೊಲ್ಯೊವ್ ತಂಡದಲ್ಲಿ ಪರೀಕ್ಷೆಗಳ ಹೊಣೆ ಹೊತ್ತಿದ್ದ ಲಿಯೊನಿದ್ ವೊಸ್ಕ್ರೆಸೆನ್ಸ್ಕಿ ಮೊದಲ ಹಂತಕ್ಕೂ ಅಟ್ಟಣಿಗೆ ಬೇಕೇಬೇಕು ಅಂತ ಪಟ್ಟು ಹಿಡಿದಿದ್ದರು. ಸಮಯ, ದುಡ್ಡು ಎರಡೂ ಇಲ್ಲ ಅಂತ ಕೊರೊಲ್ಯೊವ್ ಒಪ್ಪಲಿಲ್ಲ.

ಕಕ್ಷಾಪಥ:
ಅಂದರೆ "ಕೊರೊಲ್ಯೊವ್ ಇದ್ದಿದ್ದರೆ" ಅನ್ನೋ ವಾದ ಇಲ್ಲೇ ಬಿತ್ತಲ್ಲ? ಪರೀಕ್ಷೆ ಬೇಡ ಅಂದದ್ದು ಅವರೇ.

ಹಂತ_ಎರಡು:
ಪೂರ್ತಿ ಬೀಳಲ್ಲ. 1966ರ ಜನವರಿ 14ಕ್ಕೆ ಅವರು ತೀರಿಕೊಂಡ ಮೇಲೆ ಬಂದ ವಾಸಿಲಿ ಮಿಶಿನ್‌ಗೆ ಮಂತ್ರಿಗಳ ಎದುರು ಗುದ್ದಾಡಿ ದುಡ್ಡು ತರುವ ಆ ತಾಕತ್ತು ಇರಲಿಲ್ಲ. ಆದರೆ ಬುಡದ ಕಾರಣ ಅದಕ್ಕೂ ಹಳೆಯದು. ಕೆನಡಿ ಚಂದ್ರನ ಮಾತೆತ್ತಿದ್ದು 1961ರ ಮೇ 25. ಸೋವಿಯತ್ ಸರ್ಕಾರ ಮನುಷ್ಯನನ್ನು ಚಂದ್ರನ ಮೇಲೆ ಇಳಿಸುವ ಆದೇಶ ಹೊರಡಿಸಿದ್ದು 1964ರ ಆಗಸ್ಟ್ 3. ಮೂರು ವರ್ಷ ಹಿಂದೆ ಬಿದ್ದವರು ಮುಂದೆ ಹೋಗಬೇಕಾದರೆ ಏನನ್ನಾದರೂ ಬಿಡಲೇಬೇಕು, ಬಿಟ್ಟದ್ದು ಪರೀಕ್ಷೆಯನ್ನು.

ಇನ್ನೊಂದು, ಗ್ಲುಷ್ಕೊ ಜಗಳ. ದೇಶದ ಅತ್ಯಂತ ಅನುಭವಿ ಎಂಜಿನ್ ತಂಡ ವಲೆಂತಿನ್ ಗ್ಲುಷ್ಕೊ ಅವರದ್ದು. ಅವರು ನೈಟ್ರೋಜನ್ ಟೆಟ್ರಾಕ್ಸೈಡ್ ಮತ್ತು ಹೈಡ್ರಜೀನ್ ಜಾತಿಯ ಇಂಧನ ಬೇಕು ಅಂದರು. ಎರಡೂ ತಾಗಿದ ಕೂಡಲೇ ತಾವೇ ಹೊತ್ತಿಕೊಳ್ಳುತ್ತವೆ, ಕೋಣೆಯ ತಾಪಮಾನದಲ್ಲೇ ಇಡಬಹುದು. ಆದರೆ ಕಡು ವಿಷ. ಮನುಷ್ಯ ಕೂರುವ ರಾಕೆಟ್‌ಗೆ ಅದು ಬೇಡ, ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕವೇ ಆಗಬೇಕು ಅಂತ ಕೊರೊಲ್ಯೊವ್ ಹಟ. 1960ರ ಅಕ್ಟೋಬರ್ 24ರಂದು ಅಂಥದ್ದೇ ವಿಷ ಇಂಧನದ ಆರ್-16 ಕ್ಷಿಪಣಿ ಬೈಕನೂರಿನ ವೇದಿಕೆಯ ಮೇಲೇ ಹೊತ್ತಿಕೊಂಡು ಮಾರ್ಷಲ್ ನೆದೆಲಿನ್ ಸೇರಿ ಹಲವಾರು ಜನ ಸತ್ತಿದ್ದರು. ಇಬ್ಬರೂ ಬಗ್ಗಲಿಲ್ಲ, ಕೊರೊಲ್ಯೊವ್ ಹೋಗಿದ್ದು ಕುಜ್ನೆತ್ಸೊವ್ ಹತ್ತಿರ. ಅವರು ವಿಮಾನದ ಎಂಜಿನ್ ಮಾಡುವವರು, ಟು-95ರ ಪ್ರೊಪೆಲ್ಲರ್ ಎಂಜಿನ್ ಅವರದ್ದೇ. ದೈತ್ಯ ರಾಕೆಟ್ ಎಂಜಿನ್ ಮಾಡುವ ಅನುಭವ, ಕಾರ್ಖಾನೆ ಎರಡೂ ಇರಲಿಲ್ಲ. ಸುಮಾರು 150 ಟನ್ ನೂಕುಬಲದ್ದು ಮಾಡಿಕೊಟ್ಟರು. 4,500 ಟನ್ ಬೇಕು ಅಂದರೆ 30 ಕಟ್ಟಲೇಬೇಕು. ಯಾರೂ ಇಷ್ಟಪಟ್ಟು ಆರಿಸಿದ ಸಂಖ್ಯೆ ಅಲ್ಲ ಅದು.

ಬಿದನೂರು:
ರಾಕೆಟ್ ಇತಿಹಾಸ ಅಂದಮೇಲೆ ಮೈಸೂರಿನ ಹೆಸರು ಬರಲೇಬೇಕು. ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್ ಇಲ್ಲದಿದ್ದರೆ ಬ್ರಿಟಿಷರಿಗೆ ಯುದ್ಧದ ರಾಕೆಟ್ ಮಾಡಿಕೊಟ್ಟ ವಿಲಿಯಂ ಕಾಂಗ್ರೀವ್ ಇಲ್ಲ, ಕಾಂಗ್ರೀವ್ ಇಲ್ಲದಿದ್ದರೆ ಮುಂದಿನದ್ಯಾವುದೂ ಇಲ್ಲ. ನಮ್ಮ ನಗರ (ಹಳೆಯ ಬಿದನೂರು) ಊರಿನ ಹಾಳು ಬಾವಿಯಲ್ಲಿ 2018ರಲ್ಲಿ ಸಾವಿರದಷ್ಟು ರಾಕೆಟ್ ಕೊಳವೆ ಸಿಕ್ಕವು, ಶಿವಮೊಗ್ಗದ ಮ್ಯೂಸಿಯಂನಲ್ಲಿ ಇವೆ, ಹೋಗಿ ನೋಡಿ.

ಶೂನ್ಯಗುರುತ್ವ:
ಹೆಮ್ಮೆ ಪಡೋಣ, ಆದರೆ ಅಳತೆ ಮೀರದೆ. ಮೈಸೂರಿನವರು ಸಾಧಿಸಿದ್ದು ನಿರ್ದಿಷ್ಟವಾಗಿ ಒಂದು ವಿಷಯ: ಕಾಗದ, ಬಿದಿರಿನ ಬದಲು ಬಡಿದ ಕಬ್ಬಿಣದ ಕೊಳವೆ. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಮದ್ದನ್ನು ಬಿಗಿಯಾಗಿ ತುಂಬಬಹುದು, ಅನಿಲ ಜೋರಾಗಿ ಹೊರಬರುತ್ತದೆ. ಅದರಿಂದಲೇ ಒಂದೆರಡು ಕಿಲೋಮೀಟರ್ ದೂರ ಸಿಕ್ಕಿತು. 1780ರ ಪೊಲ್ಲಿಲೂರು ಯುದ್ಧದಲ್ಲಿ ಬ್ರಿಟಿಷರು ಅದರ ಪೆಟ್ಟು ತಿಂದರು. 1799ರ ನಂತರ ಮಾದರಿಗಳು ಲಂಡನ್ನಿನ ವುಲಿಚ್ ಶಸ್ತ್ರಾಗಾರಕ್ಕೆ ಹೋದವು, ಕಾಂಗ್ರೀವ್ ಅದನ್ನು ಬೆಳೆಸಿದರು, 1807ರಲ್ಲಿ ಕೋಪನ್‌ಹೇಗನ್ ಮೇಲೆ ಸುರಿದರು. ಇಲ್ಲಿವರೆಗೆ ದಾರಿ ನೇರ.

ದ್ರವ ಇಂಧನದ ದಾರಿ ಬೇರೆ. ತ್ಸಿಯೊಲ್ಕೊವ್ಸ್ಕಿ 1903ರಲ್ಲಿ ಸಮೀಕರಣ ಬರೆದು ದ್ರವ ಹೈಡ್ರೋಜನ್, ದ್ರವ ಆಮ್ಲಜನಕ ಅಂದರು. ಗಾಡರ್ಡ್ 1926ರ ಮಾರ್ಚ್ 16ರಂದು ಮೊದಲ ದ್ರವ ಇಂಧನದ ರಾಕೆಟ್ ಹಾರಿಸಿದರು, ಎರಡೂವರೆ ಸೆಕೆಂಡು, 12 ಮೀಟರ್ ಎತ್ತರ. ಆಮೇಲೆ ಜರ್ಮನಿಯ ವಿ-2, ಅದರ ಸೋವಿಯತ್ ನಕಲು ಆರ್-1, ಅಲ್ಲಿಂದ ಆರ್-7. ಎನ್-1ರ ಪೂರ್ವಜರನ್ನು ಈ ಸಾಲಿನಲ್ಲಿ ಹುಡುಕಬೇಕು.

ಬಿದನೂರು:
ಸಾಲು ಬೇರೆ ಇರಬಹುದು ಸ್ವಾಮಿ. ಸೈನ್ಯದಲ್ಲಿ ರಾಕೆಟ್‌ಗೆ ಅಂತಲೇ ಪ್ರತ್ಯೇಕ ದಳ ಕಟ್ಟಿ, ಒಂದೇ ಅಳತೆಯಲ್ಲಿ ನೂರಾರು ತಯಾರಿಸಿ, ಗಾಡಿ ಮೇಲೆ ಸಾಲಾಗಿ ಇಟ್ಟು ಹಾರಿಸಿದ್ದು ಇಲ್ಲಿ. ರಾಕೆಟ್ ಅಂದರೆ ಗಂಭೀರ ವಸ್ತು ಅಂತ ಯೂರೋಪಿಗೆ ಮನವರಿಕೆ ಮಾಡಿದ್ದು ಅದೇ. ಅಷ್ಟನ್ನಾದರೂ ಬರೆಯಿರಿ.

ಶೂನ್ಯಗುರುತ್ವ:
ಅಷ್ಟಕ್ಕೆ ನನ್ನ ಸಹಿಯೂ ಇದೆ.

ವೇದಿಕೆ ನಿರ್ವಾಹಕರು:
ಮೈಸೂರು ರಾಕೆಟ್ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಅದಕ್ಕೆ ಅದರದ್ದೇ ಜಾಗ ಬೇಕು. ಇಲ್ಲಿ ಎನ್-1.

ಬೆಳಗಾವಿ_ಬಾಣ:
ಎನ್-1ಕ್ಕ ಬರೋಣ. ಪರೀಕ್ಷೆ ಪರೀಕ್ಷೆ ಅಂತೀರಿ. ಸ್ಯಾಟರ್ನ್ 5ನೂ ಮೊದಲನೇ ಸಲ ಮೂರೂ ಹಂತ ಜೋಡಿಸಿ ಒಮ್ಮೆಗೇ ಹಾರಿಸಿದ್ರಲ್ಲ, 1967ರ ನವೆಂಬರ್ 9, ಅಪೊಲೊ 4. ಅದೂ ಜೂಜ ಅಲ್ಲೇನು?

ಹಂತ_ಎರಡು:
ಒಳ್ಳೆ ಪ್ರಶ್ನೆ. ನಾಸಾದ ಜಾರ್ಜ್ ಮುಲ್ಲರ್ 1963ರಲ್ಲಿ ತೆಗೆದುಕೊಂಡ ನಿರ್ಧಾರ ಅದು. ಒಂದೊಂದೇ ಹಂತ ಹಾರಿಸಿ ನೋಡುವುದು ಬೇಡ, ಮೊದಲ ದಿನವೇ ಪೂರ್ತಿ ರಾಕೆಟ್ ಅಂತ. ಸ್ಯಾಟರ್ನ್ ವಿನ್ಯಾಸ ಮಾಡಿದ ವಾನ್ ಬ್ರೌನ್ ತಂಡಕ್ಕೆ ಮೊದಲು ಇದು ರುಚಿಸಲಿಲ್ಲ. ಆದರೆ ಆಕಾಶದಲ್ಲಿ ಒಟ್ಟಿಗೆ ಹಾರಿಸಿದರು ಅಂದರೆ ನೆಲದ ಮೇಲೆ ಉರಿಸಲಿಲ್ಲ ಅಂತಲ್ಲ. 1965ರ ಏಪ್ರಿಲ್ 16ರಂದೇ ಹಂಟ್ಸ್‌ವಿಲ್‌ನಲ್ಲಿ ಮೊದಲ ಹಂತದ ಐದೂ ಎಂಜಿನ್ ಒಟ್ಟಿಗೆ ಉರಿದಿದ್ದವು. ಆಮೇಲೆ ಹಾರಬೇಕಾದ ಪ್ರತಿಯೊಂದು ಹಂತವನ್ನೂ, ಅದೇ ಹಂತವನ್ನು, ಕಟ್ಟಿಹಾಕಿ ಉರಿಸಿ, ತಪಾಸಣೆ ಮಾಡಿ, ಫ್ಲಾರಿಡಾದ ಉಡಾವಣಾ ಕೇಂದ್ರಕ್ಕೆ ಕಳಿಸಿದರು.

ಸಾಗಣೆ ಇಲ್ಲಿ ದೊಡ್ಡ ವಿಷಯ. 10 ಮೀಟರ್ ಅಗಲದ ಹಂತವನ್ನು ನ್ಯೂ ಆರ್ಲಿಯನ್ಸ್‌ನ ಮಿಶೂ ಕಾರ್ಖಾನೆಯಿಂದ ಮಿಸಿಸಿಪ್ಪಿಯ ಪರೀಕ್ಷಾ ಕೇಂದ್ರಕ್ಕೆ, ಅಲ್ಲಿಂದ ಫ್ಲಾರಿಡಾಕ್ಕೆ ದೋಣಿಯಲ್ಲೇ ಒಯ್ಯಬಹುದಿತ್ತು. ಬೈಕನೂರು ಕಜಾಕ್ ಬಯಲಿನ ನಡುವೆ, ಅಂಥ ದೈತ್ಯ ಹಂತ ಸಾಗಿಸುವ ಜಲಮಾರ್ಗ ಇಲ್ಲ, ರೈಲೇ ಗತಿ. ಬುಡದಲ್ಲಿ 17 ಮೀಟರ್ ಅಗಲದ ಎನ್-1 ರೈಲಿನಲ್ಲಿ ಹೋಗೋದಿಲ್ಲ. ತುಂಡುಗಳನ್ನು ತಂದು ಅಲ್ಲೇ ಬೆಸುಗೆ ಹಾಕಿದರು. ಉರಿಸಿ ನೋಡುವ ಅಟ್ಟಣಿಗೆ ಬೇಕಿದ್ದರೆ ಅದನ್ನೂ ಆ ಬಯಲಿನಲ್ಲೇ ಕಟ್ಟಬೇಕಿತ್ತು.

ಕುಡ್ಲದ_ಕ್ರಯೋ:
ಐದು ದೊಡ್ಡ ಎಂಜಿನ್ ಮಾಡಿದ್ದು ಸುಲಭಕ್ಕೆ ಅಂತ ಯಾರೂ ಎಣಿಸಬೇಡಿ. ಸ್ಯಾಟರ್ನ್ ಮೊದಲ ಹಂತದ ಆ ಎಂಜಿನ್ ಎಫ್-1, ಒಂದೊಂದಕ್ಕೆ ಸುಮಾರು 680 ಟನ್ ನೂಕುಬಲ, ಸೆಕೆಂಡಿಗೆ ಎರಡೂವರೆ ಟನ್ ಇಂಧನ ಮತ್ತು ಆಮ್ಲಜನಕ ಕುಡಿಯುತ್ತದೆ. ಅಷ್ಟು ದೊಡ್ಡ ದಹನಕೋಣೆಯಲ್ಲಿ ಉರಿ ಒಂದೇ ಸಮ ಇರುವುದಿಲ್ಲ. ಒಂದು ಮೂಲೆಯಲ್ಲಿ ಒತ್ತಡ ಏರಿದರೆ ಆ ಅಲೆ ಕೋಣೆಯೊಳಗೆ ಸುತ್ತುತ್ತಾ ಬಲವಾಗುತ್ತದೆ, ಕ್ಷಣದಲ್ಲಿ ಇಂಧನ ಚಿಮ್ಮಿಸುವ ಇಂಜೆಕ್ಟರ್ ಫಲಕವನ್ನು ಕರಗಿಸಿಬಿಡುತ್ತದೆ. 1962ರ ಜೂನ್ 28ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಒಂದು ಎಂಜಿನ್ ಹೀಗೇ ಪೂರ್ತಿ ಹಾಳಾಯಿತು.

ಅವರು ಏನು ಮಾಡಿದರು ಕೇಳಿ. ಎಂಜಿನ್ ಉರಿಯುತ್ತಿರುವಾಗಲೇ ಕೋಣೆಯೊಳಗೆ ಒಂದು ಸಣ್ಣ ಬಾಂಬು ಸಿಡಿಸಿ ಬೇಕೆಂದೇ ಆ ಅಲೆ ಎಬ್ಬಿಸಿದರು. ಅದು ತಾನಾಗಿ ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆದರು. ಇಂಜೆಕ್ಟರ್ ಮುಖದ ಮೇಲೆ ತಾಮ್ರದ ಅಡ್ಡಗೋಡೆಗಳನ್ನು ನಿಲ್ಲಿಸಿ 13 ಖಾನೆ ಮಾಡಿದರು, ಸುತ್ತುವ ಅಲೆಗೆ ದಾರಿ ತಪ್ಪಲಿ ಅಂತ. ರಂಧ್ರಗಳ ಅಳತೆ, ಕೋನ ಬದಲಿಸುತ್ತಾ ಹೋದರು. ಕೊನೆಗೆ ಬಾಂಬು ಸಿಡಿದರೂ ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಬೇಗ ಅಡಗುವ ಹಾಗೆ ಆಯಿತು. ಇದಕ್ಕೆ ವರ್ಷಗಟ್ಟಲೆ ಹಿಡಿಯಿತು, ಪೂರ್ಣ ಗಾತ್ರದ ಪರೀಕ್ಷೆಗಳೇ ಸುಮಾರು ಎರಡು ಸಾವಿರ. ಗ್ಲುಷ್ಕೊಗೂ ದೊಡ್ಡ ಸೀಮೆಎಣ್ಣೆ ಕೋಣೆಯಲ್ಲಿ ಇದೇ ಕಾಟ. ಆರ್-7ರ ಎಂಜಿನ್‌ಗೆ ಒಂದು ದೊಡ್ಡ ಕೋಣೆಯ ಬದಲು ನಾಲ್ಕು ಸಣ್ಣ ಕೋಣೆ ಇಟ್ಟದ್ದು ಅದಕ್ಕೇ.

ಸೀಮೆಎಣ್ಣೆ_ಸ್ಟವ್:
ಇಷ್ಟೆಲ್ಲ ಮಾಡಿಯೂ ಎರಡನೇ ಸ್ಯಾಟರ್ನ್ 5 ಹೆಚ್ಚುಕಮ್ಮಿ ಕೈಕೊಟ್ಟಿತು ಅನ್ನೋದನ್ನ ಮರೀಬಾರದು. ಅಪೊಲೊ 6, 1968ರ ಏಪ್ರಿಲ್ 4. ಮೊದಲ ಹಂತ ಉದ್ದಕ್ಕೆ ಹಿಗ್ಗಿ ಕುಗ್ಗಿ ಜಗ್ಗಾಡಿತು. ಎಂಜಿನ್ನಿನ ಬಡಿತ ಮತ್ತು ಕೊಳವೆಯಲ್ಲಿರುವ ದ್ರವದ ಬಡಿತ ತಾಳ ಹೊಂದಿಕೊಂಡರೆ ಹೀಗಾಗುತ್ತದೆ. ಆಮ್ಲಜನಕದ ಕೊಳವೆಯ ವಾಲ್ವ್ ಒಳಗಿನ ಖಾಲಿ ಜಾಗಕ್ಕೆ ಹೀಲಿಯಂ ತುಂಬಿ ಅದನ್ನು ಸರಿಮಾಡಿದರು. ಅನಿಲದ ಗುಳ್ಳೆ ಹೊಡೆತ ನುಂಗುತ್ತದೆ.

ಎರಡನೇ ಹಂತದಲ್ಲಿ ಐದರಲ್ಲಿ ಎರಡು ಜೆ-2 ಎಂಜಿನ್ ನಿಂತವು. ಒಂದು ನಿಜವಾಗಿ ಕೆಟ್ಟಿತ್ತು. ಅದನ್ನು ನಿಲ್ಲಿಸುವ ಆದೇಶದ ತಂತಿಗಳು ಅದಲುಬದಲಾಗಿ ಜೋಡಣೆಯಾಗಿದ್ದರಿಂದ ಚೆನ್ನಾಗಿದ್ದ ಇನ್ನೊಂದೂ ನಿಂತಿತು.

ಕೆಟ್ಟದ್ದು ಯಾಕೆ ಅನ್ನೋದು ನೋಡಿ. ಕಿಡಿ ಹೊತ್ತಿಸುವ ಭಾಗಕ್ಕೆ ಹೈಡ್ರೋಜನ್ ಒಯ್ಯುವ ಸಣ್ಣ ಕೊಳವೆಯಲ್ಲಿ ಮಡಿಕೆ ಮಡಿಕೆಯ ಬೆಲ್ಲೋಸ್ ಇತ್ತು. ನೆಲದ ಮೇಲೆ ಎಷ್ಟು ಉರಿಸಿದರೂ ಅದು ಮುರಿದಿರಲಿಲ್ಲ. ಕೊಳವೆ ಅಷ್ಟು ತಣ್ಣಗಿರುವಾಗ ಸುತ್ತಲಿನ ಗಾಳಿಯೇ ದ್ರವವಾಗಿ ಅದರ ಮೇಲೆ ಅಂಟಿ ಕಂಪನ ತಡೆಯುತ್ತಿತ್ತು. ಮೇಲೆ ನಿರ್ವಾತದಲ್ಲಿ ಗಾಳಿ ಎಲ್ಲಿಂದ ಬರಬೇಕು? ನಡುಗಿ ಮುರಿಯಿತು. ನಿರ್ವಾತ ಕೋಣೆಯಲ್ಲಿ ಎಂಟು ಕೊಳವೆ ಪರೀಕ್ಷಿಸಿದರು, ಎಂಟೂ ಮುರಿದವು. ಬೆಲ್ಲೋಸ್ ತೆಗೆದು ಬಾಗಿದ ಕೊಳವೆ ಹಾಕಿದರು, ಮುಂದಿನ ಸ್ಯಾಟರ್ನ್ 5ರಲ್ಲೇ ಅಪೊಲೊ 8ರ ಮೂವರು ಚಂದ್ರನ ಸುತ್ತ ಹೋಗಿಬಂದರು. ಹಾರಾಟದಲ್ಲಿ ತಪ್ಪು ಆಗದಿರುವುದು ದೊಡ್ಡ ವಿಷಯ ಅಲ್ಲ, ತಪ್ಪನ್ನು ನೆಲದ ಮೇಲೆ ಮತ್ತೆ ಮಾಡಿ ನೋಡುವ ಸಾಮಗ್ರಿ ಅವರ ಬಳಿ ಇತ್ತು.

ಕಕ್ಷಾಪಥ:
@ಸೀಮೆಎಣ್ಣೆ_ಸ್ಟವ್ ಇದಂತೂ ಕಣ್ಣು ತೆರೆಸಿತು. ನಮ್ಮ ಜಿಎಸ್‌ಎಲ್‌ವಿಗೂ ಇಂಥದ್ದೇನೋ ಆಗಿತ್ತಲ್ಲ?

ಪಂಪು_ವಾಲ್ವು:
ಆಗಿತ್ತು. 2010ರ ಏಪ್ರಿಲ್ 15, ಜಿಎಸ್‌ಎಲ್‌ವಿ-ಡಿ3, ಅತಿ ತಣ್ಣನೆಯ ದ್ರವ ಹೈಡ್ರೋಜನ್, ಆಮ್ಲಜನಕ ಉರಿಸುವ ನಮ್ಮದೇ ಕ್ರಯೋ ಹಂತದ ಮೊದಲ ಹಾರಾಟ. ಹೈಡ್ರೋಜನ್ ಒದಗಿಸುವ ಬೂಸ್ಟರ್ ಟರ್ಬೋಪಂಪ್ ನಿಂತುಹೋಯಿತು. ಮೈನಸ್ 253 ಡಿಗ್ರಿಯಲ್ಲಿ ಬೇರಿಂಗ್ ಒಂದಿಷ್ಟು, ಹೊರಕವಚ ಇನ್ನೊಂದಿಷ್ಟು ಕುಗ್ಗುತ್ತವೆ, ನಡುವಿನ ಸಂದು ಬದಲಾಗುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಪಂಪ್ ಮರುವಿನ್ಯಾಸ ಮಾಡಿದರು, ಇಸ್ರೋದ ಮಹೇಂದ್ರಗಿರಿ ಪರೀಕ್ಷಾ ಕೇಂದ್ರದಲ್ಲಿ ಎತ್ತರದ ನಿರ್ವಾತವನ್ನು ಅನುಕರಿಸಿ ಎಂಜಿನ್ ಹೊತ್ತಿಸಿ ನೋಡಿದರು. 2014ರ ಜನವರಿ 5ಕ್ಕೆ ಡಿ5 ಗೆದ್ದಿತು.

ಈ ಎಳೆಗೇ ಸೇರಬೇಕಾದ ವಿಷಯ ಇನ್ನೊಂದಿದೆ. ಅದಕ್ಕೂ ಮೊದಲು, 2001ರ ಏಪ್ರಿಲ್ 18ರಂದು ಶ್ರೀಹರಿಕೋಟದಿಂದ ಹಾರಿದ ಮೊದಲ ಜಿಎಸ್‌ಎಲ್‌ವಿಯ ಮೇಲಿದ್ದದ್ದು ರಷ್ಯಾದ ಕೆವಿಡಿ-1 ಕ್ರಯೋ ಎಂಜಿನ್. ಅದರ ಮೂಲ, ಎನ್-1ರ ಮೇಲಿನ ಹಂತಕ್ಕೆ ಅಂತ ಇಸಾಯೆವ್ ತಂಡ 1960ರ ದಶಕದಲ್ಲಿ ಮಾಡಿದ್ದ ಎಂಜಿನ್! ಎನ್-1 ರದ್ದಾದ ಮೇಲೆ ಅದು ಹಾರದೇ ಉಳಿದಿತ್ತು. 1991ರಲ್ಲಿ ಸೋವಿಯತ್ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮೋಸ್ ಜೊತೆ ತಂತ್ರಜ್ಞಾನ ಸಮೇತ ಒಪ್ಪಂದ ಆಯಿತು, 1992ರಲ್ಲಿ ಅಮೆರಿಕ ನಿರ್ಬಂಧ ಹಾಕಿತು, 1993ರ ನಂತರ ರಷ್ಯಾ ತಂತ್ರಜ್ಞಾನ ಬಿಟ್ಟು ಬರೀ ಸಿದ್ಧ ಹಂತಗಳನ್ನು ಕೊಟ್ಟಿತು. ಚಂದ್ರನಿಗೆ ಅಂತ ಹುಟ್ಟಿದ ಎಂಜಿನ್ ಮೊದಲು ಹಾರಿದ್ದು ನಮ್ಮ ರಾಕೆಟ್ ಮೇಲೆ.

ಬಿದನೂರು:
ಇದು ಶಾಲೆಯ ಪುಸ್ತಕದಲ್ಲಿ ಬರಬೇಕು.

ಬೆಳಗಾವಿ_ಬಾಣ:
ಭಾರಿ ಮಾಹಿತಿ ಕೊಟ್ರಿ. ಆದ್ರೂ ನನ್ನ ಮಾತು ಬಿಡಂಗಿಲ್ಲ. ನೆಲದ ಮ್ಯಾಲೆ ಪರೀಕ್ಷೆ ಇಲ್ಲದಾಗ 30 ಎಂಜಿನ್ ಇಟ್ಟಿದ್ದು ತಪ್ಪು. 2023ರ ಏಪ್ರಿಲ್ 20ಕ್ಕ ಸ್ಪೇಸ್‌ಎಕ್ಸ್ ಸ್ಟಾರ್‌ಶಿಪ್ಪಿನ ಮೊದಲ ಹಂತ ಸೂಪರ್ ಹೆವಿ 33 ಎಂಜಿನ್ ಹೊತ್ತು ಹೊಂಟಿತ್ತು, ಮೂರು ಹೊರಡೂ ಮುಂಚೆನ ಸುಮ್ಮನಾಗಿದ್ವು, ಮ್ಯಾಲೆ ಇನ್ನಷ್ಟು ನಿಂತ್ವು, ಬೆಂಕಿ ಬಿತ್ತು, ತಿರುಗಿ ತಿರುಗಿ ಒಡೀತು. ಕಥಿ ಅದ ಅಲ್ಲೇನು?

ಲೆಕ್ಕದ_ಮೇಷ್ಟ್ರು:
ಮುಂದಿನದನ್ನೂ ಹೇಳಿ ಸರ್. ಅದೇ ವರ್ಷ ನವೆಂಬರ್ 18ಕ್ಕೆ 33ಕ್ಕೆ 33 ಉರಿದು ಮೊದಲ ಹಂತ ತನ್ನ ಏರುವ ಕೆಲಸ ಮುಗಿಸಿತು. ರ‍್ಯಾಪ್ಟರ್ ಮತ್ತೆ ಮತ್ತೆ ಉರಿಸಬಹುದಾದ ಎಂಜಿನ್. ಪ್ರತಿಯೊಂದನ್ನೂ ಮೊದಲೇ ಬಿಡಿಯಾಗಿ ಉರಿಸುತ್ತಾರೆ, ಆಮೇಲೆ ಇಡೀ ಹಂತವನ್ನು ವೇದಿಕೆಯಲ್ಲೇ ಕಟ್ಟಿ ಉರಿಸುತ್ತಾರೆ. ಎರಡೂ ಎನ್‌ಕೆ-15ಕ್ಕೆ ಸಾಧ್ಯವೇ ಇರಲಿಲ್ಲ.

ಹಂತ_ಎರಡು:
ಎನ್-1ರ ದೊಡ್ಡ ಸಮಸ್ಯೆಯನ್ನು ಇನ್ನೂ ಯಾರೂ ಮುಟ್ಟಿಲ್ಲ, ಹಾರಿದ್ದರೂ ಅದು ಕಾಡುತ್ತಿತ್ತು. ಅದರ ನೂಕುಬಲ ಸುಮಾರು 4,500 ಟನ್, ಸ್ಯಾಟರ್ನ್‌ನದು 3,400ರ ಆಸುಪಾಸು. ಆದರೂ ಭೂಕಕ್ಷೆಗೆ ಎನ್-1 ಒಯ್ಯುತ್ತಿದ್ದದ್ದು 95 ಟನ್, ಸ್ಯಾಟರ್ನ್ 120ಕ್ಕೂ ಹೆಚ್ಚು. ಯಾಕೆ? ಸ್ಯಾಟರ್ನ್‌ನ ಮೇಲಿನ ಎರಡೂ ಹಂತ ಹೈಡ್ರೋಜನ್‌ನವು, ಹಾರಿದ ಎನ್-1 ಪೂರ್ತಿ ಸೀಮೆಎಣ್ಣೆ. ಮೇಲಾಗಿ ಎನ್-1ರ ಟ್ಯಾಂಕ್‌ಗಳು ಗೋಳಗಳು, ಭಾರ ಹೊರುವ ಹೊರಕವಚ ಬೇರೆ. ಸ್ಯಾಟರ್ನ್‌ನಲ್ಲಿ ಟ್ಯಾಂಕಿನ ಗೋಡೆಯೇ ರಾಕೆಟ್ಟಿನ ಮೈ. ಆ ತೂಕದ ಕೊರತೆಯಿಂದಲೇ ಸೋವಿಯತ್ ಯೋಜನೆಯಲ್ಲಿ ಚಂದ್ರನ ಮೇಲೆ ಇಳಿಯಬೇಕಾದವನು ಒಬ್ಬನೇ, ಅವನು ಮಾತೃನೌಕೆಯಿಂದ ಹೊರಗೆ ಬಂದು ಶೂನ್ಯದಲ್ಲಿ ದಾಟಿ ಇಳಿನೌಕೆ ಸೇರಬೇಕಿತ್ತು. ಆ ಇಳಿನೌಕೆ ಮಾತ್ರ ಚೆನ್ನಾಗಿತ್ತು. 1970-71ರಲ್ಲಿ ಕಾಸ್ಮೋಸ್ 379, 398, 434 ಅಂತ ಹೆಸರಿಟ್ಟು ಮೂರು ಸಲ ಭೂಕಕ್ಷೆಯಲ್ಲಿ ಮನುಷ್ಯರಿಲ್ಲದೆ ಓಡಿಸಿದರು, ಕೆಲಸ ಮಾಡಿತು.

ಕುಡ್ಲದ_ಕ್ರಯೋ:
ಮತ್ತೆ ಎನ್‌ಕೆ-33 ಯಾರೂ ಹೇಳಲಿಲ್ಲವಲ್ಲ. ಕುಜ್ನೆತ್ಸೊವ್ ಆ ಒಂದೇ ಬಳಕೆಯ ವಾಲ್ವ್ ತೆಗೆದು, ಮತ್ತೆ ಮತ್ತೆ ಉರಿಸಬಹುದಾದ ಎಂಜಿನ್ ಮಾಡಿದರು. ಅದನ್ನು ಹೊತ್ತು ಐದನೇ ಎನ್-1 1974ರಲ್ಲಿ ಹೊರಡಬೇಕಿತ್ತು. ಮೇ ತಿಂಗಳಲ್ಲಿ ಮಿಶಿನ್ ಅವರನ್ನು ತೆಗೆದು ಗ್ಲುಷ್ಕೊ ಅವರನ್ನೇ ತಂದರು, ಅವರು ಎನ್-1 ನಿಲ್ಲಿಸಿದರು. ಎಂಜಿನ್ ನಾಶಮಾಡಿ ಅಂತ ಆದೇಶ ಬಂದರೂ ಕುಜ್ನೆತ್ಸೊವ್ ಗೋದಾಮಿನಲ್ಲಿ ಉಳಿಸಿಕೊಂಡರು. 1990ರ ದಶಕದಲ್ಲಿ ಅಮೆರಿಕದ ಏರೋಜೆಟ್ 30ಕ್ಕೂ ಹೆಚ್ಚನ್ನು ಕೊಂಡಿತು. ಆಮ್ಲಜನಕ ಹೆಚ್ಚಿರುವ ಬಿಸಿ ಅನಿಲದಲ್ಲಿ ಟರ್ಬೈನ್ ತಿರುಗಿಸಿ ಆ ಅನಿಲವನ್ನೂ ದಹನಕೋಣೆಗೇ ಬಿಡುವ ವಿಧಾನ ಅದು, ಇಂಧನ ಸ್ವಲ್ಪವೂ ವ್ಯರ್ಥವಿಲ್ಲ. ಅಮೆರಿಕದವರು ಆ ಹಾದಿಯನ್ನೇ ಹಿಡಿದಿರಲಿಲ್ಲ, ಅಂಥ ಅನಿಲದಲ್ಲಿ ಉಕ್ಕೇ ಹೊತ್ತಿಕೊಳ್ಳುತ್ತದೆ ಅಂತ.

ಬೆಳಗಾವಿ_ಬಾಣ:
ಅದ ಎಂಜಿನ್ ಅಮೆರಿಕದ ಆಂಟಾರಿಸ್ ರಾಕೆಟ್ಟಿಗೆ ಹಾಕಿದ್ರು, 2014ರ ಅಕ್ಟೋಬರ್ 28ಕ್ಕ ವಾಲಪ್ಸ್‌ನಾಗ ಹೊರಟ 15 ಸೆಕೆಂಡಿಗೆ ಸ್ಫೋಟ. ಆಮ್ಲಜನಕ ಪಂಪ್!

ಕುಡ್ಲದ_ಕ್ರಯೋ:
ಹೌದು, 40 ವರ್ಷ ಗೋದಾಮಿನಲ್ಲಿದ್ದ ಎಂಜಿನ್. ತನಿಖೆಯಲ್ಲಿ ಮುಂದಿಟ್ಟ ಸಾಧ್ಯತೆಗಳು ಮೂರು: ಪಂಪಿನ ವಿನ್ಯಾಸದ ದೌರ್ಬಲ್ಯ, ಒಳಗೆ ಸೇರಿದ ಕಸ, ತಯಾರಿಕೆಯ ದೋಷ. ಅಲ್ಲಿ ಎರಡೇ ಎಂಜಿನ್ ಇದ್ದದ್ದು, ಒಂದು ಸ್ಫೋಟಿಸಿದ್ದಕ್ಕೇ ರಾಕೆಟ್ ಹೋಯಿತು. ಹಾಗಾದರೆ ಎರಡು ಎಂಜಿನ್ ಹೆಚ್ಚಾಯಿತು ಅಂತ ಹೇಳುತ್ತೀರಾ?

ಬೆಳಗಾವಿ_ಬಾಣ:
ಎರಡು ಹೆಚ್ಚಾತು ಅನ್ನಂಗಿಲ್ರಿ. ಆದ್ರ ಆ ಪಂಪ್ 30 ಇಟ್ಟವರ ಧೈರ್ಯ ಭಾರಿ ಇತ್ತು ಅಂತೀನಿ.

ಕಕ್ಷಾಪಥ:
ಸೀಮೆಎಣ್ಣೆ, ದ್ರವ ಆಮ್ಲಜನಕ ಉರಿಸುವ ಇಸ್ರೋದ ಸೆಮಿಕ್ರಯೋ ಎಂಜಿನ್ ಕೂಡ ಇದೇ ಆಮ್ಲಜನಕ ಹೆಚ್ಚಿರುವ ವಿಧಾನದ್ದು ಅಲ್ಲವಾ? ಕಸ ಒಳಗೆ ಹೋಗದಂತೆ, ಲೋಹ ಹೊತ್ತಿಕೊಳ್ಳದಂತೆ ಏನು ಮಾಡುತ್ತಾರೆ?

ಪಂಪು_ವಾಲ್ವು:
ಅದೇ ವಿಧಾನ, ನೂಕುಬಲ 2000 ಕಿಲೋನ್ಯೂಟನ್. ಸಾಮಾನ್ಯವಾಗಿ ಇಂಥ ಎಂಜಿನ್‌ಗೆ ಮಾಡುವುದು ಇಷ್ಟು: ಬಿಸಿ ಆಮ್ಲಜನಕ ತಾಗುವ ಕಡೆ ನಿಕ್ಕಲ್ ಹೆಚ್ಚಿರುವ ಮಿಶ್ರಲೋಹ ಅಥವಾ ರಕ್ಷಣಾ ಲೇಪ. ಅಲ್ಲಿ ಟೈಟಾನಿಯಂ ಬಿಲ್‌ಕುಲ್ ಬೇಡ. ತಿರುಗುವ ಭಾಗಕ್ಕೂ ಕವಚಕ್ಕೂ ನಡುವಿನ ಸಂದು ಉಜ್ಜದಷ್ಟು ಇರಬೇಕು, ಉಜ್ಜಿದರೆ ಕಿಡಿ. ಆಮ್ಲಜನಕದ ದಾರಿಯಲ್ಲಿ ಎಣ್ಣೆ, ಗ್ರೀಸ್ ಅಂಶ ಒಂದಿಷ್ಟೂ ಉಳಿಯದ ಹಾಗೆ ತೊಳೆಯಬೇಕು. ಪಂಪಿನ ಬಾಯಿಗೆ ಜಾಲರಿ ಫಿಲ್ಟರ್ ಬೇಕು, 1969ರ ಜುಲೈ ಅಪಘಾತದ ನಂತರ ಎನ್-1ಕ್ಕೂ ಅದನ್ನು ಸೇರಿಸಿದ್ದರು. ದಹನಕೋಣೆ ಜೋಡಿಸುವ ಮೊದಲೇ ಪ್ರೀಬರ್ನರ್ (ಟರ್ಬೈನ್ ತಿರುಗಿಸುವ ಬಿಸಿ ಅನಿಲ ಮಾಡುವ ಭಾಗ), ಟರ್ಬೋಪಂಪ್, ವಾಲ್ವ್ ಇಷ್ಟನ್ನೇ ಬೇರೆಯಾಗಿ ಉರಿಸಿ ನೋಡಬೇಕು. ಮಹೇಂದ್ರಗಿರಿಯಲ್ಲಿ ಸೆಮಿಕ್ರಯೋಗೆ 2025ರಲ್ಲಿ ಮಾಡಿದ್ದು ಆ ಕೊನೆಯ ಕೆಲಸವನ್ನೇ.

ಸೀಮೆಎಣ್ಣೆ_ಸ್ಟವ್:
ಫಿಲ್ಟರ್ ವಿಷಯಕ್ಕೆ ಒಂದು ಸೇರ್ಪಡೆ: ಜಾಲರಿ ತೀರಾ ಸಣ್ಣದಾದರೆ ಪಂಪಿಗೆ ಬರುವ ಒತ್ತಡ ಕುಸಿದು ಒಳಗೇ ಆವಿಗುಳ್ಳೆ ಏಳುತ್ತವೆ, ಅದೂ ಪಂಪನ್ನು ತಿನ್ನುತ್ತದೆ. ಜಾಲರಿಯ ತೂತಿನ ಅಳತೆ ತೀರ್ಮಾನಿಸುವಾಗ ಟ್ಯಾಂಕಿನ ಒತ್ತಡವನ್ನೂ ಜೊತೆಗೇ ಲೆಕ್ಕ ಹಾಕಬೇಕು.